ಹಾಲುತೊಂಡೆಯಿಂದ ಗರ್ಭಕಂಠದವರೆಗೆ: ಜೀವಕೋಶದ ಪ್ರೋಟೀನು ತಯಾರಿಕೆ ವೈರಸ್ಸಿನ ಕೈಗೆ ಸಿಗುವ ಬಗೆ

ಚಿಕ್ಕಬಳ್ಳಾಪುರದ ಕಾಲೇಜೊಂದರ ವಿಜ್ಞಾನ ವೇದಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ವೇದಿಕೆಯ ಮೇಲೆ ಅವಸರದಲ್ಲಿ ಹೇಳಿದ ಕೆಲವು ವಾಕ್ಯಗಳನ್ನು ತಿದ್ದಿದ್ದೇನೆ. ಸಭೆಯಿಂದ ಬಂದ ಚೀಟಿಯೊಂದರ ಕಾರಣಕ್ಕೆ ಕೊನೆಯ ಭಾಗವನ್ನು ಸ್ವಲ್ಪ ಬೆಳೆಸಿದ್ದೇನೆ.

ಸಭೆಗೆ ಬಂದಿರುವವರಲ್ಲಿ ಅನೇಕರು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರ ಮನೆಯವರೆಂದು ಸಂಘಟಕರು ಮೊದಲೇ ತಿಳಿಸಿದ್ದರಿಂದ, ಕ್ಯಾನ್ಸರಿನ ಮಾತನ್ನು ಹುಳುಮನೆಯಿಂದಲೇ ಆರಂಭಿಸುತ್ತೇನೆ. ಹಾಲುತೊಂಡೆ ರೋಗವನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದು ಬರಬರನೆ ಸೊಪ್ಪು ತಿನ್ನುತ್ತಿರುವ ಹುಳುಗಳ ನಡುವೆ ಒಂದೇ ಒಂದು ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಹರಿದಾಡತೊಡಗುತ್ತದೆ. ಅದರ ಮೈಯ ಗೆಣ್ಣುಗಳು ಊದಿ, ಚರ್ಮ ಎಣ್ಣೆ ಸವರಿದಂತೆ ಮಿನುಗುತ್ತದೆ. ಬೆರಳು ತಾಗಿದರೆ ಚರ್ಮ ಹರಿದು ಹಾಲಿನಂಥ ದ್ರವ ಸುರಿಯುತ್ತದೆ. ನಮ್ಮ ಮನೆಯಲ್ಲಿ ಅಂಥ ಹುಳುಗಳನ್ನು ಕಡ್ಡಿಯಿಂದ ಎತ್ತಿ ಸುಣ್ಣ ಕದಡಿದ ಬಟ್ಟಲಿಗೆ ಹಾಕುವ ಕೆಲಸ ಮಕ್ಕಳಾದ ನಮ್ಮದಾಗಿತ್ತು. "ಕೈಯಾಗೆ ಮುಟ್ಟಬ್ಯಾಡ ಕಣೋ, ಆ ಹಾಲು ಬಿದ್ರೆ ತಟ್ಟೆಯೆಲ್ಲಾ ಹೋಯ್ತದೆ" ಎಂದು ಅಜ್ಜಿ ಗದರುತ್ತಿದ್ದಳು. ಅವಳಿಗೆ ವೈರಸ್ ಎಂಬ ಪದ ತಿಳಿದಿರಲಿಲ್ಲ. ಆದರೆ ರೋಗ ಎಲ್ಲಿಂದ ಹರಡುತ್ತದೆಂಬುದು ಸರಿಯಾಗಿಯೇ ತಿಳಿದಿತ್ತು.

ಆ ಹಾಲಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹೊಳೆಯುವ ಹರಳುಗಳು ಕಿಕ್ಕಿರಿದು ತುಂಬಿರುವುದು ಕಾಣುತ್ತದೆ. ಪ್ರತಿ ಹರಳೂ ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನಿನ ಒತ್ತೊತ್ತಾದ ಜೋಡಣೆ. ಅದರೊಳಗೆ ವೈರಸ್ ಕಣಗಳು ಹುದುಗಿರುತ್ತವೆ. ಈಗ ರೋಗ ತಗಲದ ಹುಳುವನ್ನು ನೋಡಿ. ಅದರ ರೇಷ್ಮೆ ಗ್ರಂಥಿಯ ಒಂದು ಜೀವಕೋಶದಲ್ಲಿ ಫೈಬ್ರೋಯಿನ್ ಎಂಬ ರೇಷ್ಮೆ ಪ್ರೋಟೀನಿನ ವಂಶವಾಹಿಯ ಒಂದು ಪ್ರತಿಯಿಂದ, ಆ ಪ್ರೋಟೀನು ಕಟ್ಟುವ ಸೂಚನೆ ಹೊತ್ತ ಸುಮಾರು 10,000 ಸಂದೇಶವಾಹಕ ಆರ್‌ಎನ್‌ಎಗಳು ಹುಟ್ಟುತ್ತವೆ. ಒಂದೊಂದು ಸಂದೇಶದಿಂದ ಸುಮಾರು 1 ಲಕ್ಷ ಪ್ರೋಟೀನು ಅಣುಗಳು ತಯಾರಾಗುತ್ತವೆ. ಹೀಗೆ ನಾಲ್ಕೇ ದಿನಗಳಲ್ಲಿ ಒಂದು ವಂಶವಾಹಿಯ ಲೆಕ್ಕಕ್ಕೆ 100 ಕೋಟಿ ಅಣುಗಳು ಸೇರುತ್ತವೆ. ನಾವು ಮಾರುಕಟ್ಟೆಗೆ ಒಯ್ಯುವ ಗೂಡು ಎಂದರೆ ಈ ಅಣುಗಳ ರಾಶಿಯೇ. ಪ್ರೋಟೀನು ತಯಾರಿಸುವ ಈ ಶಕ್ತಿಯನ್ನು ವೈರಸ್ ಹುಟ್ಟಿಸಿದ್ದಲ್ಲ, ಅದು ಹುಳುವಿನ ಸ್ವಂತದ್ದು. ವೈರಸ್ ಮಾಡಿದ್ದು, ರೇಷ್ಮೆಯಾಗಬಹುದಾಗಿದ್ದ ಶ್ರಮವನ್ನು ತನ್ನ ಹರಳುಗಳ ಕಡೆಗೆ ತಿರುಗಿಸಿದ್ದು ಮಾತ್ರ.

ಯಾವ ವೈರಸ್ಸಿಗೂ ಸ್ವಂತದ ರೈಬೋಸೋಮ್ ಇಲ್ಲ. ಪ್ರೋಟೀನು ಕಟ್ಟುವ ಯಂತ್ರ ಜೀವಕೋಶದ ಬಳಿ ಮಾತ್ರ ಇರುವುದರಿಂದ, ವೈರಸ್ಸಿನ ಬದುಕೆಲ್ಲವೂ ಆ ಯಂತ್ರವನ್ನು ಎಷ್ಟು, ಯಾವಾಗ, ಯಾರ ಕಣ್ಣು ತಪ್ಪಿಸಿ ಬಳಸಿಕೊಳ್ಳುವುದೆಂಬ ಲೆಕ್ಕಾಚಾರವೇ ಆಗಿದೆ. ಪತ್ರಿಕೆಗಳು ಇದನ್ನು ದಾಳಿ, ಆಕ್ರಮಣ, ಸಮರ ಎಂದು ಬರೆಯುತ್ತವೆ. ಹಾಲುತೊಂಡೆಯ ವೈರಸ್ಸಿಗೆ ಆ ಮಾತು ಒಪ್ಪೀತು: ಅದು ಯಂತ್ರವನ್ನು ಪೂರ್ತಿ ವಶಪಡಿಸಿಕೊಂಡು, ಹುಳುವನ್ನು ಕೊಂದು, ಹರಳುಗಳನ್ನು ಚೆಲ್ಲಿ ಮುಂದೆ ಹೋಗುತ್ತದೆ. ಕ್ಯಾನ್ಸರ್ ತರುವ ವೈರಸ್‌ಗಳಿಗೆ ಅದು ಒಪ್ಪುವುದಿಲ್ಲ. ಸತ್ತ ಜೀವಕೋಶ ಗೆಡ್ಡೆಯಾಗಲಾರದು. ಯಾವ ವೈರಸ್ ಜೀವಕೋಶವನ್ನು ಕೊಲ್ಲದೆ ವರ್ಷಗಟ್ಟಲೆ ಅದರೊಳಗೆ ಉಳಿಯುತ್ತದೆಯೋ, ತನ್ನ ಪ್ರೋಟೀನುಗಳನ್ನು ಜಿಪುಣನಂತೆ ಅಳೆದು ತಯಾರಿಸುತ್ತದೆಯೋ, ಅದರಿಂದಲೇ ಕ್ಯಾನ್ಸರಿನ ಅಪಾಯ ಹೆಚ್ಚು. ನಿಯಂತ್ರಣವೆಂದರೆ ತಯಾರಿಕೆಯನ್ನು ಹೆಚ್ಚಿಸುವುದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುತ್ತಾರೆ. ತಯಾರಿಕೆಯನ್ನು ತಗ್ಗಿಸುವ ಕಲೆಯೂ ಅದರಲ್ಲಿ ಅಷ್ಟೇ ಇದೆ ಎಂಬುದನ್ನು ಈ ದಿನ ತೋರಿಸಬೇಕೆಂದಿದ್ದೇನೆ.

ಸಮಸ್ಯೆಯ ಗಾತ್ರವನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2018ರಲ್ಲಿ ಜಗತ್ತಿನಲ್ಲಿ ಸೋಂಕುಗಳಿಂದ ಹುಟ್ಟಿದ ಹೊಸ ಕ್ಯಾನ್ಸರ್‌ಗಳು ಸುಮಾರು 22 ಲಕ್ಷ, ಅಂದರೆ ಒಟ್ಟು ಕ್ಯಾನ್ಸರ್‌ಗಳ ಶೇ. 13. ಇದರಲ್ಲಿ ಹೊಟ್ಟೆಯ ಒಂದು ಬ್ಯಾಕ್ಟೀರಿಯಾದ ಪಾಲು ದೊಡ್ಡದು. ವೈರಸ್‌ಗಳ ಪೈಕಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, 6.9 ಲಕ್ಷ ಪ್ರಕರಣಗಳೊಂದಿಗೆ ಮೊದಲ ಸ್ಥಾನದಲ್ಲಿದೆ; ಹೆಪಟೈಟಿಸ್ ಬಿ ಮತ್ತು ಸಿ ಅದರ ನಂತರ ಬರುತ್ತವೆ. ಸೋಂಕು ಒಬ್ಬರಿಂದೊಬ್ಬರಿಗೆ ಹರಡಬಹುದು, ಕ್ಯಾನ್ಸರ್ ಹರಡುವುದಿಲ್ಲ. ಕ್ಯಾನ್ಸರ್ ರೋಗಿಯ ಲೋಟವನ್ನು ಬೇರೆ ಇಡುವ ಮನೆಗಳು ಇಂದಿಗೂ ಇರುವುದರಿಂದ ಈ ಮಾತನ್ನು ಹೇಳಲೇಬೇಕಾಯಿತು.

ಪ್ರೋಟೀನು ತಯಾರಾಗುವ ಕ್ರಮವನ್ನು ತಿಳಿಯಲು ರೀಲರ್‌ಗಳ ಕೆಲಸ ನೆನಪಿಗೆ ತಂದುಕೊಳ್ಳೋಣ. ಗೂಡನ್ನು ಬೇಯಿಸಿದ ಮೇಲೆ ಎಳೆಯ ತುದಿ ಸಿಗದಿದ್ದರೆ ಬಿಚ್ಚಣಿಕೆಯೇ ಆರಂಭವಾಗದು; ಕೈ ನುರಿತವರು ಬಿಸಿನೀರಿನಲ್ಲಿ ಗೂಡುಗಳನ್ನು ಆಡಿಸಿ ತುದಿ ಹಿಡಿಯುವುದನ್ನು ನೀವು ನೋಡಿದ್ದೀರಿ. ಕೋಶಕೇಂದ್ರದಲ್ಲಿ ಡಿಎನ್‌ಎಯಿಂದ ನಕಲಾಗಿ ಹೊರಬರುವ ಸಂದೇಶವಾಹಕ ಆರ್‌ಎನ್‌ಎಗೂ ಒಂದು ಗುರುತಿನ ತುದಿಯಿದೆ, ಅದಕ್ಕೆ ಟೋಪಿ ಎನ್ನುತ್ತಾರೆ. ಇಐಎಫ್4ಇ ಎಂಬ ಪ್ರೋಟೀನು ಆ ಟೋಪಿಯನ್ನು ಹಿಡಿದ ಮೇಲೆ ಇತರ ಸಹಾಯಕರು ಸೇರಿ ರೈಬೋಸೋಮನ್ನು ಸಂದೇಶದ ಮೇಲೆ ಕೂರಿಸುತ್ತಾರೆ. ನಂತರ ರೈಬೋಸೋಮ್ ಮೂರು ಮೂರು ಅಕ್ಷರಗಳನ್ನು ಓದುತ್ತಾ ಸೆಕೆಂಡಿಗೆ ಐದಾರು ಅಮೈನೋ ಆಮ್ಲಗಳಂತೆ ಸರ ಪೋಣಿಸುತ್ತದೆ. ತುದಿ ಹಿಡಿಯುವ ಇಐಎಫ್4ಇ ಜೀವಕೋಶದಲ್ಲಿ ಯಾವಾಗಲೂ ಮುಕ್ತವಾಗಿರುವುದಿಲ್ಲ. 4ಇ-ಬಿಪಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಕಟ್ಟಿಹಾಕಿರುತ್ತದೆ. ಆಹಾರ ಸಮೃದ್ಧವಾಗಿದೆ, ಬೆಳೆಯಬಹುದು ಎಂಬ ಸೂಚನೆ ಎಮ್‌ಟಾರ್ ಎಂಬ ಕಿಣ್ವದ ಮೂಲಕ ಬಂದಾಗ ಮಾತ್ರ ಆ ಕಟ್ಟು ಸಡಿಲವಾಗುತ್ತದೆ.

ಇನ್ನು ಎಚ್‌ಪಿವಿ. ಇದರ ಡಿಎನ್‌ಎ ಸುಮಾರು 8,000 ಅಕ್ಷರಗಳ ಒಂದು ಉಂಗುರ. ವಂಶವಾಹಿಗಳು ಎಂಟೋ ಒಂಬತ್ತೋ. ಗರ್ಭಕಂಠದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನ ಮೂಲಕ ಅದು ಚರ್ಮದ ತಳಪದರದ ಜೀವಕೋಶವನ್ನು ಸೇರುತ್ತದೆ. ಆ ಪದರದಲ್ಲಿ ಅದು ಬಹುತೇಕ ಸುಮ್ಮನಿರುತ್ತದೆ. ತನ್ನ ಹೊರಕವಚದ ಎಲ್1 ಪ್ರೋಟೀನನ್ನು ಅಲ್ಲಿ ತಯಾರಿಸುವುದಿಲ್ಲ. ಜೀವಕೋಶ ವಿಭಜನೆಯಾಗಿ, ಮೇಲಿನ ಪದರಗಳಿಗೆ ಏರಿ, ಇನ್ನೇನು ಉದುರಿಹೋಗುವ ಹಂತಕ್ಕೆ ಬಂದಾಗ ಮಾತ್ರ ಕವಚ ಸಿದ್ಧವಾಗುತ್ತದೆ. ಇದಕ್ಕೆ ಒಂದು ಕುತೂಹಲದ ಕಾರಣ ಸಂದೇಶದ ಬರವಣಿಗೆಯಲ್ಲೇ ಇದೆ. ಒಂದೇ ಅಮೈನೋ ಆಮ್ಲವನ್ನು ಸೂಚಿಸಲು ಬೇರೆ ಬೇರೆ ಮೂರಕ್ಷರದ ಪದಗಳಿರುತ್ತವೆ, ಅವುಗಳಲ್ಲಿ ಕೆಲವನ್ನು ನಮ್ಮ ಜೀವಕೋಶಗಳು ಧಾರಾಳವಾಗಿ ಬಳಸುತ್ತವೆ, ಕೆಲವನ್ನು ಅಪರೂಪಕ್ಕೆ ಬಳಸುತ್ತವೆ. ಎಲ್1 ವಂಶವಾಹಿ ಇಂಥ ಅಪರೂಪದ ಪದಗಳಿಂದಲೇ ತುಂಬಿದೆ. ಸಂದೇಶ ಕೈಯಲ್ಲಿದ್ದರೂ ಅದನ್ನು ಓದುವ ರೈಬೋಸೋಮ್ ತಡವರಿಸುತ್ತದೆ. ಪ್ರಯೋಗಾಲಯದಲ್ಲಿ ಆ ಪದಗಳನ್ನು ಸಾಮಾನ್ಯ ಪದಗಳಿಗೆ ಬದಲಾಯಿಸಿದರೆ, ಅರ್ಥ ಒಂದಿಷ್ಟೂ ಬದಲಾಗದೆ, ಪ್ರೋಟೀನು ಯಥೇಚ್ಛವಾಗಿ ಬರುತ್ತದೆ. ಕಷ್ಟದ ಲಿಪಿಯಲ್ಲಿ ಬರೆದುಕೊಂಡಿರುವುದು ವೈರಸ್ಸಿಗೆ ದೋಷವಲ್ಲ, ಅನುಕೂಲ. ತಳಪದರದಲ್ಲಿ ಕವಚ ಕಾಣಿಸಿಕೊಂಡರೆ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿಬಿಡುತ್ತದೆ. ಮೇಲ್ಪದರದಲ್ಲಿ, ರಕ್ತನಾಳಗಳಿಂದ ದೂರದಲ್ಲಿ, ಹೇಗೂ ಉದುರಲಿರುವ ಜೀವಕೋಶದಲ್ಲಿ, ಕೇಳುವವರಿಲ್ಲ.

ಆದರೆ ಮೇಲ್ಪದರದ ಜೀವಕೋಶದಲ್ಲಿ ವೈರಸ್ಸಿಗೆ ಇನ್ನೊಂದು ತೊಡಕಿದೆ. ಅಲ್ಲಿಗೆ ಬರುವ ಹೊತ್ತಿಗೆ ಜೀವಕೋಶ ವಿಭಜನೆಯನ್ನು ನಿಲ್ಲಿಸಿ, ಡಿಎನ್‌ಎ ನಕಲು ಮಾಡುವ ಸಲಕರಣೆಗಳನ್ನು ಕಟ್ಟಿಟ್ಟಿರುತ್ತದೆ. ಆ ಸಲಕರಣೆಗಳಿಲ್ಲದೆ ವೈರಸ್ ತನ್ನ ಉಂಗುರವನ್ನು ನಕಲಿಸಿಕೊಳ್ಳಲಾರದು. ಆಗ ಕೆಲಸಕ್ಕೆ ಬರುವುದು ಇ7. ಅಪಾಯಕಾರಿ ತಳಿಯಾದ ಎಚ್‌ಪಿವಿ 16ರಲ್ಲಿ ಈ ಪ್ರೋಟೀನಿಗೆ ಇರುವುದು ಕೇವಲ 98 ಅಮೈನೋ ಆಮ್ಲಗಳು. ರೇಷ್ಮೆಯ ಫೈಬ್ರೋಯಿನ್ ಸರದಲ್ಲಿ 5,200ಕ್ಕೂ ಹೆಚ್ಚಿವೆ. ಇಷ್ಟು ಚಿಕ್ಕದಾದ ಇ7, ಜೀವಕೋಶ ವಿಭಜನೆಗೆ ಬೀಗ ಹಾಕಿರುವ ಆರ್‌ಬಿ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಾಶಗೊಳಿಸುತ್ತದೆ. ಬೀಗ ತೆರೆಯಿತು, ಡಿಎನ್‌ಎ ನಕಲಿಗೆ ಬೇಕಾದ ಹತ್ತಾರು ಪ್ರೋಟೀನುಗಳ ತಯಾರಿಕೆ ಪುನಃ ಆರಂಭವಾಯಿತು. ಅಕಾಲದಲ್ಲಿ ಆರಂಭವಾದ ಈ ಗದ್ದಲವನ್ನು ಜೀವಕೋಶ ಗಮನಿಸದೆ ಇರುವುದಿಲ್ಲ. ಪಿ53 ಎಂಬ ಕಾವಲಿನ ಪ್ರೋಟೀನು ಏರತೊಡಗುತ್ತದೆ, ಅದು ಏರಿದರೆ ಜೀವಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಇಲ್ಲಿ ವೈರಸ್ಸಿನ ಎರಡನೆಯ ಪ್ರೋಟೀನು ಇ6 ಮಾಡುವ ಕೆಲಸ ನನಗೆ ಪ್ರತಿ ವರ್ಷ ಪಾಠ ಹೇಳುವಾಗಲೂ ಬೆರಗು ಹುಟ್ಟಿಸುತ್ತದೆ. ಅದು ಪಿ53ರ ತಯಾರಿಕೆಯನ್ನು ನಿಲ್ಲಿಸುವುದಿಲ್ಲ. ಜೀವಕೋಶದ್ದೇ ಆದ ಒಂದು ಕಿಣ್ವವನ್ನು ಕರೆದುಕೊಂಡು ಬಂದು, ಪಿ53ರ ಮೇಲೆ ‘ಕಸ’ ಎಂಬ ಚೀಟಿ ಅಂಟಿಸುವಂತೆ ಮಾಡುತ್ತದೆ. ಹಳೆಯ ಪ್ರೋಟೀನುಗಳನ್ನು ಚೂರು ಮಾಡುವ ಜೀವಕೋಶದ ವ್ಯವಸ್ಥೆ ಚೀಟಿ ನೋಡಿ ಪಿ53ಅನ್ನು ಅರೆದು ಹಾಕುತ್ತದೆ. ರೈಬೋಸೋಮ್‌ಗಳು ಪಿ53 ಕಟ್ಟುತ್ತಲೇ ಇರುತ್ತವೆ, ಅದು ನಿಲ್ಲುವುದೇ ಇಲ್ಲ. ಪ್ರೋಟೀನಿನ ಪ್ರಮಾಣವನ್ನು ನಿರ್ಧರಿಸುವುದು ತಯಾರಿಕೆ ಮಾತ್ರವಲ್ಲ, ಆಯುಷ್ಯವೂ ಹೌದು. ಇ6 ಕೈಹಾಕಿರುವುದು ಆಯುಷ್ಯಕ್ಕೆ.

ಇಷ್ಟಾದರೂ ಇದು ಕ್ಯಾನ್ಸರ್ ಅಲ್ಲ. ವೈರಸ್ ತನ್ನ ಇ6, ಇ7ಗಳಿಗೆ ತಾನೇ ಕಡಿವಾಣ ಹಾಕಿಕೊಂಡಿರುತ್ತದೆ. ಇ2 ಎಂಬ ಅದರದೇ ಪ್ರೋಟೀನು ಆ ವಂಶವಾಹಿಗಳ ನಕಲನ್ನು ತಗ್ಗಿಸಿರುತ್ತದೆ. ಅನಾಹುತವಾಗುವುದು ಉಂಗುರ ತುಂಡಾಗಿ ಮನುಷ್ಯನ ವರ್ಣತಂತುವಿನೊಳಗೆ ಸೇರಿಕೊಂಡಾಗ. ಹಾಗೆ ಸೇರುವಾಗ ಎಷ್ಟೋ ಬಾರಿ ಇ2 ಮುರಿದುಹೋಗುತ್ತದೆ, ಇ6 ಮತ್ತು ಇ7 ಮಾತ್ರ ಲಗಾಮಿಲ್ಲದೆ ಉಳಿಯುತ್ತವೆ. ಅಂಥ ಜೀವಕೋಶ ಇನ್ನು ಮೇಲೆ ಹೊಸ ವೈರಸ್ ಕಣಗಳನ್ನು ಹುಟ್ಟಿಸಲಾರದು. ವೈರಸ್ಸಿನ ದೃಷ್ಟಿಯಿಂದ ಕ್ಯಾನ್ಸರ್ ಒಂದು ಗೆಲುವಲ್ಲ, ಮುಂದೆ ದಾರಿಯಿಲ್ಲದ ಅಪಘಾತ.

ಇದಕ್ಕೆ ಪುರಾವೆ 1951ರಿಂದ ಬದುಕಿರುವ ಒಂದು ಜೀವಕೋಶ ಸಂತತಿಯಲ್ಲಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆ ತೆಗೆದ ಜೀವಕೋಶಗಳು ಹೀಲಾ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಆಕೆ ಅದೇ ವರ್ಷ ತೀರಿಕೊಂಡರು. ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ 16 ಮತ್ತು 18 ತಳಿಗಳನ್ನು 1980ರ ದಶಕದ ಮೊದಲ ಭಾಗದಲ್ಲಿ ಗುರುತಿಸಿ, 2008ರಲ್ಲಿ ನೊಬೆಲ್ ಪಡೆದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ ನೋಡಿದಾಗ, ಹೀಲಾ ಜೀವಕೋಶಗಳಲ್ಲಿ ಎಚ್‌ಪಿವಿ 18ರ ತುಂಡುಗಳು ಸಿಕ್ಕವು. ಮುಂದೆ ಸಂಶೋಧಕರು ಆ ಜೀವಕೋಶಗಳಿಗೆ ಹೊರಗಿನಿಂದ ಇ2 ಕೊಟ್ಟು ನೋಡಿದರು. ಇ6, ಇ7 ನಿಂತವು, ಪಿ53 ತಲೆಯೆತ್ತಿತು, ಸಾವೇ ಇಲ್ಲವೆಂದು ಹೆಸರಾಗಿದ್ದ ಜೀವಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು. ದಶಕಗಳ ನಂತರವೂ ಆ ಗೆಡ್ಡೆ ಎರಡು ಪುಟ್ಟ ಪ್ರೋಟೀನುಗಳ ನಿರಂತರ ಪೂರೈಕೆಯ ಮೇಲೆಯೇ ನಿಂತಿತ್ತು.

ಬೇರೆ ವೈರಸ್‌ಗಳು ಇದೇ ಸಾಲಿನ ಬೇರೆ ಬೇರೆ ಕಡೆ ಕೈಹಾಕುತ್ತವೆ. ಚರ್ಮದ ಅಪರೂಪದ ಕ್ಯಾನ್ಸರೊಂದರಲ್ಲಿ 2008ರಲ್ಲಿ ಪತ್ತೆಯಾದ ಮರ್ಕೆಲ್ ಕೋಶದ ಪಾಲಿಯೋಮಾ ವೈರಸ್ಸಿನ ಒಂದು ಪ್ರೋಟೀನು, ತುದಿ ಹಿಡಿಯುವ ಇಐಎಫ್4ಇಯನ್ನು ಕಟ್ಟಿಹಾಕಿರುವ 4ಇ-ಬಿಪಿಯನ್ನು ಸದಾ ಸಡಿಲವಾಗಿರುವಂತೆ ನೋಡಿಕೊಳ್ಳುತ್ತದೆ. ಬೆಳೆಯಲು ಸೂಚನೆಯಿಲ್ಲದಿದ್ದರೂ ಪ್ರೋಟೀನು ತಯಾರಿಕೆ ನಡೆದೇ ಇರುತ್ತದೆ. ಹೆಪಟೈಟಿಸ್ ಸಿ ವೈರಸ್ಸಿನದು ತದ್ವಿರುದ್ಧವಾದ ಉಪಾಯ. ಅದರ ಆರ್‌ಎನ್‌ಎಗೆ ಟೋಪಿಯೇ ಇಲ್ಲ. ಸಂದೇಶದ ಆರಂಭದ ಸುಮಾರು 340 ಅಕ್ಷರಗಳು ತಮ್ಮಷ್ಟಕ್ಕೆ ಮಡಚಿಕೊಂಡು ರೈಬೋಸೋಮ್ ನೇರವಾಗಿ ಕೂರುವಂಥ ಪೀಠವಾಗುತ್ತವೆ. ತುದಿ ಹುಡುಕದೆ ಗೂಡಿನ ನಡುವಿನಿಂದಲೇ ನೂಲು ತೆಗೆದಂತೆ. ಆದರೆ ಹೆಪಟೈಟಿಸ್ ಸಿ ಕ್ಯಾನ್ಸರ್ ತರುವುದು ಮುಖ್ಯವಾಗಿ ಯಕೃತ್ತಿನ ವರ್ಷಗಟ್ಟಲೆಯ ಉರಿಯೂತದಿಂದ ಎಂಬುದನ್ನು ಮರೆಯಬಾರದು. ಎಲ್ಲವನ್ನೂ ಒಂದೇ ಕಥೆಗೆ ಎಳೆಯುವುದು ನನ್ನಂಥ ಉಪನ್ಯಾಸಕರ ದೌರ್ಬಲ್ಯ.

ಮಾನವನ ಗೆಡ್ಡೆಯ ಜೀವಕೋಶಗಳಲ್ಲಿ 1964ರಲ್ಲಿ ಮೊದಲು ಪತ್ತೆಯಾದ ಎಪ್‌ಸ್ಟೀನ್–ಬಾರ್ ವೈರಸ್ ಜಗತ್ತಿನ ಶೇ. 90ಕ್ಕೂ ಹೆಚ್ಚು ವಯಸ್ಕರ ದೇಹದಲ್ಲಿದೆ, ಅಂದರೆ ಈ ಸಭಾಂಗಣದಲ್ಲಿ ಬಹುತೇಕ ಎಲ್ಲರಲ್ಲೂ. ಜೀವಕೋಶ ವಿಭಜನೆಯಾಗುವಾಗ ಕಳೆದುಹೋಗದಿರಲು ಅದಕ್ಕೆ ಇಬಿಎನ್‌ಎ1 ಎಂಬ ಪ್ರೋಟೀನು ಬೇಕೇ ಬೇಕು; ಆದರೆ ಅದು ಹೆಚ್ಚು ತಯಾರಾದಷ್ಟೂ ಅದರ ಚೂರುಗಳು ಜೀವಕೋಶದ ಹೊರಮೈಯಲ್ಲಿ ಕಾಣಿಸಿಕೊಂಡು ಸೋಂಕು ಬಯಲಾಗುತ್ತದೆ. ವೈರಸ್ ಕಂಡುಕೊಂಡ ಉಪಾಯ: ಆ ಪ್ರೋಟೀನಿನೊಳಗೆ ಗ್ಲೈಸೀನ್ ಮತ್ತು ಅಲನೀನ್ ಎಂಬ ಎರಡೇ ಅಮೈನೋ ಆಮ್ಲಗಳು ಪುನರಾವರ್ತನೆಯಾಗುವ ಒಂದು ಉದ್ದದ ಭಾಗವಿದೆ. ಅದು ತನ್ನ ತಯಾರಿಕೆಯನ್ನು ತಾನೇ ನಿಧಾನಗೊಳಿಸುತ್ತದೆ, ಚೂರಾಗುವುದನ್ನೂ ತಡೆಯುತ್ತದೆ. ರೇಷ್ಮೆಯ ಫೈಬ್ರೋಯಿನ್ ಕೂಡ ಬಹುಪಾಲು ಗ್ಲೈಸೀನ್ ಮತ್ತು ಅಲನೀನ್‌ಗಳ ಪುನರಾವರ್ತನೆಯೇ ಎಂಬುದು ಕಾಕತಾಳೀಯ, ಅದರಿಂದ ಯಾವ ತೀರ್ಮಾನವನ್ನೂ ತೆಗೆಯಬೇಡಿ. ಆದರೆ ಮೊದಲ ಬಾರಿ ಓದಿದಾಗ ರೇಷ್ಮೆ ಸೀಮೆಯವನಾದ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆ.

ಅದೇ ಕುಟುಂಬದ, ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್ ತರುವ ವೈರಸ್ 1994ರಲ್ಲಿ ಪತ್ತೆಯಾಯಿತು. ಇದೂ ದೀರ್ಘಕಾಲ ಮೌನವಾಗಿರುತ್ತದೆ. ಎಚ್ಚೆತ್ತಾಗ ಮಾತ್ರ ಅದರ ಸಾಕ್ಸ್ ಎಂಬ ಪ್ರೋಟೀನು ಜೀವಕೋಶದ ಸಂದೇಶವಾಹಕ ಆರ್‌ಎನ್‌ಎಗಳನ್ನು ದೊಡ್ಡ ಪ್ರಮಾಣದಲ್ಲಿ ಕತ್ತರಿಸಿ ಹಾಕುತ್ತದೆ. ಇನ್ನೊಂದು ಪ್ರೋಟೀನು ವೈರಸ್ಸಿನ ಸಂದೇಶಗಳನ್ನು ಕೋಶಕೇಂದ್ರದಿಂದ ಜೋಪಾನವಾಗಿ ಹೊರಕ್ಕೆ ಸಾಗಿಸುತ್ತದೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಈ ವೈರಸ್ ರೈಬೋಸೋಮನ್ನು ಬಳಸಿಕೊಳ್ಳುವುದಷ್ಟೇ ಅಲ್ಲ, ರೈಬೋಸೋಮ್ ಕಟ್ಟಲ್ಪಡುವ ಹಂತದಲ್ಲೇ ಅದರ ರಚನೆಯನ್ನು ಬದಲಾಯಿಸಿ, ತನ್ನ ಸಂದೇಶಗಳನ್ನು ಚೆನ್ನಾಗಿ ಓದುವಂತೆ ಮಾಡಿಕೊಳ್ಳುತ್ತದೆ. ರೈಬೋಸೋಮ್‌ಗಳೆಲ್ಲ ಒಂದೇ ಅಚ್ಚಿನವು ಎಂದು ನಾವು ಓದಿ ಬಂದ ಪಾಠವನ್ನು ಇದು ಅಲುಗಾಡಿಸಿದೆ. ಬದಲಾದ ರೈಬೋಸೋಮನ್ನು ಮಾತ್ರ ತಡೆಯುವ ಔಷಧ ಸಾಧ್ಯವಾದರೆ ಆರೋಗ್ಯವಂತ ಜೀವಕೋಶಕ್ಕೆ ತೊಂದರೆ ಕಡಿಮೆ ಎಂಬ ಆಸೆ ಇದರ ಹಿಂದಿದೆ.

ಇನ್ನು ಎಚ್‌ಪಿವಿ ಬಗ್ಗೆ ಸಭೆಯಲ್ಲಿ ಬಂದ ಚೀಟಿ. ಹೆಸರಿಲ್ಲದ, ನೋಟುಪುಸ್ತಕದಿಂದ ಹರಿದ ಹಾಳೆಯಲ್ಲಿ ಹೀಗೆ ಬರೆದಿತ್ತು: "ಸಾರ್, ಪರೀಕ್ಷೆಯಲ್ಲಿ ನನಗೆ ಈ ವೈರಸ್ ಇದೆ ಅಂತ ಹೇಳಿದ್ದಾರೆ. ಈಗ ಲಸಿಕೆ ಹಾಕಿಸಿಕೊಂಡರೆ ಹೋಗುತ್ತದೆಯೇ?" ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವಾಗ, ಆ ದಿನದ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದೇ ಎಂದು ನನಗನ್ನಿಸಿತು.

ಲಸಿಕೆಯಲ್ಲಿ ವೈರಸ್ಸಿನದೆಂದು ಇರುವುದು ಎಲ್1 ಪ್ರೋಟೀನು ಮಾತ್ರ. 360 ಎಲ್1 ಅಣುಗಳು ತಾವಾಗಿಯೇ ಸೇರಿ, ಒಳಗೆ ಡಿಎನ್‌ಎ ಇಲ್ಲದ ಖಾಲಿ ಕವಚವಾಗುತ್ತವೆ. ಮೊದಲು ಬಂದ ಲಸಿಕೆಗಳಲ್ಲಿ ಒಂದಕ್ಕೆ ಬೇಕಾದ ಎಲ್1 ತಯಾರಾಗುವುದು ಪತಂಗವೊಂದರ ಜೀವಕೋಶಗಳಲ್ಲಿ, ನಮ್ಮ ಹಾಲುತೊಂಡೆ ವೈರಸ್ಸಿನ ಕುಟುಂಬಕ್ಕೇ ಸೇರಿದ ವೈರಸ್ಸಿನ ಮೂಲಕ. ಹರಳು ಕಟ್ಟಲು ಅದು ಬಳಸುವ ಅಪಾರ ತಯಾರಿಕಾ ಶಕ್ತಿಯನ್ನು ವಿಜ್ಞಾನಿಗಳು 1983ರ ಸುಮಾರಿಗೆ ಬೇರೆ ಪ್ರೋಟೀನುಗಳ ಕಡೆಗೆ ತಿರುಗಿಸಲು ಕಲಿತಿದ್ದರು. ಈ ಲಸಿಕೆ ಹುಟ್ಟಿಸುವ ಪ್ರತಿಕಾಯಗಳು, ಒಳಬರುತ್ತಿರುವ ವೈರಸ್ಸಿನ ಕವಚಕ್ಕೆ ಅಂಟಿಕೊಂಡು ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಆದರೆ ಈಗಾಗಲೇ ಸೋಂಕು ಸೇರಿರುವ ತಳಪದರದ ಜೀವಕೋಶದಲ್ಲಿ ಎಲ್1 ಇಲ್ಲ. ಅದನ್ನು ಅಲ್ಲಿ ತಯಾರಿಸದಿರುವುದೇ ವೈರಸ್ಸಿನ ಜಾಣತನವೆಂದು ಆಗಲೇ ಹೇಳಿದೆನಲ್ಲ. ಪ್ರತಿಕಾಯಗಳಿಗೆ ಹಿಡಿಯಲು ಅಲ್ಲಿ ಏನೂ ಸಿಗುವುದಿಲ್ಲ. ಕೋಸ್ಟಾರಿಕಾದಲ್ಲಿ ಸೋಂಕು ಇದ್ದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ಇದೇ ಲಸಿಕೆಯ ಪ್ರಯೋಗ ನಡೆದು 2007ರಲ್ಲಿ ಫಲಿತಾಂಶ ಬಂದಾಗ, ಲಸಿಕೆಯಿಂದ ಸೋಂಕು ಬೇಗ ಹೋಗಲಿಲ್ಲವೆಂಬುದು ಸ್ಪಷ್ಟವಾಯಿತು.

ಆದ್ದರಿಂದ ಚೀಟಿ ಬರೆದ ತಾಯಿಗೆ ಉತ್ತರ: ಇರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ. ಆದರೆ ಸೋಂಕು ಇದೆಯೆಂದರೆ ಕ್ಯಾನ್ಸರ್ ಇದೆಯೆಂದಲ್ಲ. ಬಹುಪಾಲು ಮಹಿಳೆಯರಲ್ಲಿ ಅದು ಎರಡು ವರ್ಷಗಳೊಳಗೆ ತಾನಾಗಿ ಹೋಗುತ್ತದೆ, ಉಳಿದವರಲ್ಲಿ ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಆ ಅವಧಿಯೇ ನಮಗಿರುವ ಅವಕಾಶ. ವೈದ್ಯರು ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಹೋಗಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳುವಾದ ದ್ರಾವಣ, ಅಂದರೆ ವಿನೆಗರ್ ಇದ್ದಂಥದ್ದು, ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜೀವಕೋಶಗಳಲ್ಲಿ ಪ್ರೋಟೀನು ದಟ್ಟವಾಗಿರುವುದರಿಂದ ಆಮ್ಲ ತಾಗಿದ ಕಡೆ ಅದು ಹೆಪ್ಪುಗಟ್ಟಿ ಬಿಳಿಯ ಮಚ್ಚೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಮುಂಬೈನಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನೊಳಗೊಂಡು ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮಾಡಿದ ಈ ಸರಳ ಪರೀಕ್ಷೆ ಗರ್ಭಕಂಠದ ಕ್ಯಾನ್ಸರಿನ ಸಾವುಗಳನ್ನು ಶೇ. 31ರಷ್ಟು ಇಳಿಸಿತು. ಮಚ್ಚೆ ಕಂಡರೆ ಆ ಭಾಗವನ್ನು ತಣ್ಣಗೆ ಹೆಪ್ಪುಗಟ್ಟಿಸಿಯೋ ಸುಟ್ಟೋ ಕತ್ತರಿಸಿಯೋ ತೆಗೆಯಬಹುದು, ಅದಕ್ಕೆ ಗರ್ಭಕೋಶವನ್ನೇ ತೆಗೆಸಬೇಕಾಗಿಲ್ಲ.

ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಾಲಿತ್ತು: "ಮಗಳಿಗೆ ಹನ್ನೆರಡು ವರ್ಷ. ಅವಳಿಗೆ?" ಅವಳಿಗೆ ಹಾಕಿಸಿ. 9ರಿಂದ 14 ವರ್ಷದ ಹುಡುಗಿಯರಿಗೆ ಒಂದು ಅಥವಾ ಎರಡು ಡೋಸು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ, ಮತ್ತು ಅವಳ ತಳಪದರದ ಜೀವಕೋಶಗಳಿಗೆ ವೈರಸ್ ಇನ್ನೂ ತಲುಪಿರುವ ಸಾಧ್ಯತೆ ಬಹಳ ಕಡಿಮೆ.